ಐರೀನ್ ರಾಜಕುಮಾರಿಯ ಮಕ್ಕಳಿಗೆ ಹಿಮೋಫಿಲಿಯಾ ಬಂದದ್ದು ಸಂಬಂಧದೊಳಗಿನ ಮದುವೆಯಿಂದಲೇ?

ಪ್ರಶ್ನೆ: ನನಗೆ 26 ವರ್ಷ. ಸೋದರತ್ತೆಯ ಮಗನೊಂದಿಗೆ ಮದುವೆಯ ಮಾತುಕತೆ ನಡೆದಿದೆ. ನನ್ನ ತಾಯಿಯ ತಮ್ಮನಿಗೆ ಹಿಮೋಫಿಲಿಯಾ ಇತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲದೆ ತೀರಿಕೊಂಡರು. ಅಜ್ಜಿಯ ತಮ್ಮನಿಗೂ ಇದೇ ಕಾಯಿಲೆಯಿತ್ತು, ಅವರೂ ಈಗಿಲ್ಲ. ನನ್ನ ಒಬ್ಬನೇ ಅಣ್ಣ ಆರೋಗ್ಯವಾಗಿದ್ದಾನೆ, ಒಬ್ಬಳು ತಂಗಿಯಿದ್ದಾಳೆ. ಜರ್ಮನಿಯ ಹೆಸ್ಸೆ ಮನೆತನದ ಐರೀನ್ ಎಂಬ ರಾಜಕುಮಾರಿ ಹತ್ತಿರದ ಸಂಬಂಧಿಯನ್ನೇ ಮದುವೆಯಾಗಿ, ಅವಳ ಮೂವರು ಗಂಡುಮಕ್ಕಳಲ್ಲಿ ಇಬ್ಬರಿಗೆ ಈ ಕಾಯಿಲೆ ಬಂತೆಂದು ಈಚೆಗೆ ಓದಿದೆ. ಅಂದಿನಿಂದ ನಿದ್ದೆಯಿಲ್ಲ. ಸಂಬಂಧದೊಳಗೆ ಮದುವೆಯಾದದ್ದೇ ಇದಕ್ಕೆ ಕಾರಣವೇ? ಹೊರಗಿನ ಸಂಬಂಧ ನೋಡಿದರೆ ತಪ್ಪುತ್ತದೆಯೇ? ತಮ್ಮನ ಸಾವನ್ನು ಕಂಡಿದ್ದ ಆಕೆ ಅಷ್ಟು ಧೈರ್ಯವಾಗಿ ಮಕ್ಕಳನ್ನು ಪಡೆದದ್ದು ಹೇಗೆ? "ಅದು ಗಂಡಸರ ಕಾಯಿಲೆ, ನಿನಗೇಕೆ ಚಿಂತೆ, ಅತ್ತೆಯ ಮನೆಯವರ ಮುಂದೆ ಬಾಯಿ ಬಿಡಬೇಡ" ಎಂದು ಅಜ್ಜಿ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಹೆಣೆದುಕೊಂಡಿವೆ. ಒಂದು, ಮನೆತನದಲ್ಲಿರುವ ಹಿಮೋಫಿಲಿಯಾ ನಿಮ್ಮ ಮಕ್ಕಳಿಗೆ ಬಂದೀತೆಂಬ ಭಯ. ಇನ್ನೊಂದು, ಸೋದರತ್ತೆಯ ಮಗನನ್ನು ಮದುವೆಯಾದರೆ ಅದು ಬಂದೇ ಬರುತ್ತದೆಂಬ ಭಯ. ಮೊದಲನೆಯದಕ್ಕೆ ಆಧಾರವಿದೆ, ಎರಡನೆಯದಕ್ಕೆ ಇಲ್ಲ. ಐರೀನ್‌ಳ ಬದುಕನ್ನು ಸರಿಯಾಗಿ ಓದಿದರೆ ಇದು ತಾನಾಗಿಯೇ ಸ್ಪಷ್ಟವಾಗುತ್ತದೆ. ನನ್ನ ಬಳಿ ಸಲಹೆಗೆ ಬರುವ ಕುಟುಂಬಗಳಲ್ಲಿಯೂ ಈ ರಾಜಮನೆತನದ ಕತೆಯನ್ನು ಅರ್ಧಂಬರ್ಧ ಕೇಳಿ, ತಪ್ಪಾದ ಅರ್ಧವನ್ನೇ ನೆನಪಿಟ್ಟುಕೊಂಡವರು ಬಹಳ. ಆದ್ದರಿಂದ ಮೊದಲು ಅವಳ ಕತೆಯನ್ನು ಹೇಳಿ, ಅನಂತರ ನಿಮ್ಮ ವಿಷಯಕ್ಕೆ ಬರುತ್ತೇನೆ.

ಐರೀನ್ ಹುಟ್ಟಿದ್ದು 1866ರ ಜುಲೈ 11ರಂದು, ಡಾರ್ಮ್‌ಸ್ಟಾಟ್‌ನಲ್ಲಿ. ತಂದೆ ಲುಡ್ವಿಗ್ ಮುಂದೆ ಹೆಸ್ಸೆಯ ಗ್ರ್ಯಾಂಡ್ ಡ್ಯೂಕ್ ಆದವನು. ತಾಯಿ ಆಲಿಸ್ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮಗಳು. ಏಳು ಮಕ್ಕಳಲ್ಲಿ ಐರೀನ್ ಮೂರನೆಯವಳು. ಮಕ್ಕಳಲ್ಲಿ ಗಂಡು ಇಬ್ಬರೇ: ಎರ್ನ್‌ಸ್ಟ್ ಮತ್ತು ಫ್ರೀಡ್ರಿಖ್. 1873ರ ಆರಂಭದಲ್ಲಿ ಪುಟ್ಟ ಫ್ರೀಡ್ರಿಖ್‌ನ ಕಿವಿಗೆ ಸಣ್ಣ ಗಾಯವಾಗಿ, ದಿನಗಟ್ಟಲೆ ರಕ್ತ ಸೋರಿದಾಗ ಅವನಿಗೆ ಹಿಮೋಫಿಲಿಯಾ ಇರುವುದು ತಿಳಿಯಿತು. ಅದೇ ವರ್ಷ ಮೇ 29ರಂದು ಅವನು ತಾಯಿಯ ಕೋಣೆಯ ಕಿಟಕಿಯಿಂದ ಕೆಳಗೆ ಬಿದ್ದು, ಮಿದುಳಿನಲ್ಲಿ ರಕ್ತಸ್ರಾವವಾಗಿ ಅಂದೇ ತೀರಿಕೊಂಡ. ಅವನಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಐರೀನ್‌ಗೆ ಏಳು ತುಂಬುವುದರಲ್ಲಿತ್ತು. 1878ರ ಚಳಿಗಾಲದಲ್ಲಿ ಗಂಟಲುಮಾರಿ ಆ ಮನೆಯನ್ನು ಹೊಕ್ಕು ಕಿರಿಯ ತಂಗಿ ಮೇರಿಯನ್ನೂ, ತಿಂಗಳೊಳಗೆ 35 ವರ್ಷದ ತಾಯಿ ಆಲಿಸ್‌ಳನ್ನೂ ಒಯ್ದಿತು. 1884ರಲ್ಲಿ ಆಲಿಸ್‌ಳ ತಮ್ಮ, ಅಂದರೆ ಐರೀನ್‌ಳ ಸೋದರಮಾವ ಲಿಯೊಪೋಲ್ಡ್, ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಜಾರಿ ಬಿದ್ದ ಪೆಟ್ಟಿನಿಂದಲೇ ಸತ್ತ. ಅವನೂ ಹಿಮೋಫಿಲಿಯಾ ರೋಗಿ. ಸೋದರಮಾವ ಮತ್ತು ಅಜ್ಜಿಯ ಕಡೆಯಿಂದ ಬಂದ ಕಾಯಿಲೆ ಎಂಬಷ್ಟರ ಮಟ್ಟಿಗೆ ನಿಮ್ಮ ಮನೆಯ ನಕ್ಷೆಗೂ ಆ ಮನೆಯ ನಕ್ಷೆಗೂ ಹೋಲಿಕೆಯಿದೆ.

1888ರ ಮೇ 24ರಂದು ಬರ್ಲಿನ್ನಿನ ಶಾರ್ಲಾಟೆನ್‌ಬುರ್ಗ್ ಅರಮನೆಯಲ್ಲಿ ಐರೀನ್ ಪ್ರಷ್ಯದ ರಾಜಕುಮಾರ ಹೈನ್‌ರಿಖ್‌ನನ್ನು ಮದುವೆಯಾದಳು. ಅವನ ತಂದೆ, ಚಕ್ರವರ್ತಿ ಮೂರನೇ ಫ್ರೀಡ್ರಿಖ್, ಗಂಟಲಿನ ಕ್ಯಾನ್ಸರಿನಿಂದ ಕೊನೆಯ ದಿನಗಳನ್ನು ಎಣಿಸುತ್ತಿದ್ದ. ಮೂರೇ ವಾರಗಳಲ್ಲಿ ತೀರಿಕೊಂಡ. ಹೈನ್‌ರಿಖ್‌ನ ತಾಯಿ ವಿಕ್ಟೋರಿಯಾ ಮತ್ತು ಐರೀನ್‌ಳ ತಾಯಿ ಆಲಿಸ್ ಒಡಹುಟ್ಟಿದ ಅಕ್ಕತಂಗಿಯರು. ಅಂದರೆ ವರ ಅವಳಿಗೆ ದೊಡ್ಡಮ್ಮನ ಮಗ. ನಮ್ಮ ವರಸೆಯಲ್ಲಿ ಅವನು ಅಣ್ಣನೇ ಆಗುವುದರಿಂದ ಇಂಥ ಮದುವೆಯನ್ನು ನಮ್ಮ ಹಿರಿಯರು ಮಾತಿಗೂ ತರುವುದಿಲ್ಲ. ಸೋದರತ್ತೆಯ ಮಗನಾದರೆ ತಕರಾರಿಲ್ಲ. ಯುರೋಪಿನ ಅರಮನೆಗಳಿಗೆ ಈ ಭೇದವಿರಲಿಲ್ಲ, ವಂಶವಾಹಿಗಳಿಗೂ ಇಲ್ಲ: ಎರಡು ಬಗೆಯ ಸಂಬಂಧಗಳಲ್ಲಿಯೂ ಗಂಡಹೆಂಡಿರ ನಡುವೆ ಹಂಚಿಕೆಯಾಗುವ ವಂಶವಾಹಿಗಳ ಪಾಲು ಸರಾಸರಿ ಎಂಟರಲ್ಲಿ ಒಂದು.

ಅವರಿಗೆ ಮೂವರು ಗಂಡುಮಕ್ಕಳಾದರು. 1889ರಲ್ಲಿ ಹುಟ್ಟಿದ ವಾಲ್ಡೆಮಾರ್‌ಗೆ ಹಿಮೋಫಿಲಿಯಾ ಇತ್ತು. 1896ರಲ್ಲಿ ಹುಟ್ಟಿದ ಸಿಗಿಸ್ಮುಂಡ್‌ಗೆ ಇರಲಿಲ್ಲ. 1900ರ ಜನವರಿಯಲ್ಲಿ ಹುಟ್ಟಿದ ಪುಟ್ಟ ಹೈನ್‌ರಿಖ್‌ಗೆ ಮತ್ತೆ ಇತ್ತು. ಆ ಮಗು ತಲೆಗೆ ಬಿದ್ದ ಪೆಟ್ಟಿನಿಂದ 1904ರ ಫೆಬ್ರವರಿಯಲ್ಲಿ ಕೀಲ್ ಪಟ್ಟಣದಲ್ಲಿ ಸತ್ತಿತು. ಮಗುವಿಗೆ ನಾಲ್ಕು ವರ್ಷವಾಗಿತ್ತು.

ಈಗ ಕಾರಣಕ್ಕೆ ಬರೋಣ. ಕುಸುಮರೋಗವೆಂದೂ ಕರೆಯುವ ಈ ಹಿಮೋಫಿಲಿಯಾದಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನು, ಎಂಟನೆಯ ಇಲ್ಲವೆ ಒಂಬತ್ತನೆಯ ಫ್ಯಾಕ್ಟರ್, ಸಾಕಷ್ಟು ತಯಾರಾಗುವುದಿಲ್ಲ. ಇವೆರಡರ ವಂಶವಾಹಿಗಳೂ ಎಕ್ಸ್ ವರ್ಣತಂತುವಿನ ಮೇಲಿವೆ. ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದೇ. ಹೆಣ್ಣಿನ ಒಂದು ಎಕ್ಸ್‌ನಲ್ಲಿ ದೋಷವಿದ್ದರೆ ಇನ್ನೊಂದು ಕೆಲಸವನ್ನು ಬಹುಮಟ್ಟಿಗೆ ನಡೆಸಿಕೊಂಡು ಹೋಗುತ್ತದೆ, ಆಕೆ ವಾಹಕಿಯಾಗುತ್ತಾಳೆ. ಗಂಡಿನ ಏಕೈಕ ಎಕ್ಸ್‌ನಲ್ಲಿ ದೋಷವಿದ್ದರೆ ಕಾಯಿಲೆ ಬರುತ್ತದೆ, ಮತ್ತು ಆ ಎಕ್ಸ್ ಅವನಿಗೆ ಬರುವುದು ತಾಯಿಯಿಂದ ಮಾತ್ರ, ಏಕೆಂದರೆ ತಂದೆ ಮಗನಿಗೆ ಕೊಡುವುದು ವೈ ವರ್ಣತಂತುವನ್ನು. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಕಾಯಿಲೆಯಿಲ್ಲದ ಗಂಡಸು ಅದನ್ನು ಒಳಗೆ ಬಚ್ಚಿಟ್ಟುಕೊಂಡಿರಲು ಸಾಧ್ಯವೇ ಇಲ್ಲ. ಐರೀನ್‌ಳ ಗಂಡ ವಿಕ್ಟೋರಿಯಾ ರಾಣಿಯ ಮೊಮ್ಮಗನಾಗಿದ್ದರೂ ಆರೋಗ್ಯವಂತನಾಗಿದ್ದ, ನೌಕಾಪಡೆಯಲ್ಲಿ ದೊಡ್ಡ ಹುದ್ದೆಗೇರಿದ. ಆದ್ದರಿಂದ ಮಕ್ಕಳ ಕಾಯಿಲೆಯಲ್ಲಿ ಅವನ ಪಾಲು ಸೊನ್ನೆ. ಅವನ ಜಾಗದಲ್ಲಿ ಯಾವ ಅಪರಿಚಿತನಿದ್ದರೂ ಪ್ರತಿ ಮಗನಿಗೂ ಅಪಾಯ ಅಷ್ಟೇ ಇರುತ್ತಿತ್ತು: ಎರಡರಲ್ಲಿ ಒಂದು.

ಇದಕ್ಕೆ ಸಾಕ್ಷಿ ಅವಳ ಮನೆಯಲ್ಲೇ ಇದೆ. ತಂಗಿ ಆಲಿಕ್ಸ್ 1894ರಲ್ಲಿ ರಷ್ಯದ ಎರಡನೇ ನಿಕೊಲಾಸ್‌ನನ್ನು ಮದುವೆಯಾಗಿ ಚಕ್ರವರ್ತಿನಿ ಅಲೆಕ್ಸಾಂಡ್ರಾ ಎನಿಸಿಕೊಂಡಳು. ನಿಕೊಲಾಸ್ ವಿಕ್ಟೋರಿಯಾಳ ಸಂತತಿಯವನಲ್ಲ. ಆದರೂ ಅವರ ಒಬ್ಬನೇ ಮಗ ಅಲೆಕ್ಸಿಗೆ ಹಿಮೋಫಿಲಿಯಾ ಬಂತು. ಐರೀನ್‌ಳ ಕಿರಿಯ ಮಗ ಸತ್ತ ಆರು ತಿಂಗಳೊಳಗೆ ಹುಟ್ಟಿದ ಮಗು ಅದು. ಇನ್ನು ಹಿರಿಯಕ್ಕ ವಿಕ್ಟೋರಿಯಾಳ ಇಬ್ಬರು ಗಂಡುಮಕ್ಕಳಿಗೂ ಏನೂ ಆಗಲಿಲ್ಲ. ಅವರಲ್ಲಿ ಕಿರಿಯವನೇ ಭಾರತದ ಕೊನೆಯ ವೈಸರಾಯ್ ಲಾರ್ಡ್ ಮೌಂಟ್‌ಬ್ಯಾಟನ್. ಅಕ್ಕತಂಗಿಯರ ಈ ಮೂರು ಸಂಸಾರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮಕ್ಕಳ ಗತಿಯನ್ನು ನಿರ್ಧರಿಸಿದ್ದು ತಾಯಿಗೆ ಆಲಿಸ್‌ಳ ಎರಡು ಎಕ್ಸ್‌ಗಳಲ್ಲಿ ಯಾವುದು ಬಂತು ಎಂಬುದೇ ಹೊರತು ಗಂಡ ಯಾರೆಂಬುದಲ್ಲ. "ಮೂವರಲ್ಲಿ ಇಬ್ಬರಿಗೆ" ಎಂಬುದು ಓದುವವರಿಗೆ ಶಾಪದಂತೆ ಕಾಣಬಹುದು. ವಾಹಕಿಯೊಬ್ಬಳಿಗೆ ಮೂರು ಗಂಡುಮಕ್ಕಳಾದರೆ ಸರಿಯಾಗಿ ಇಬ್ಬರಿಗೆ ಕಾಯಿಲೆ ಬರುವ ಸಾಧ್ಯತೆ ಎಂಟರಲ್ಲಿ ಮೂರು, ಅದರಲ್ಲಿ ಅಚ್ಚರಿಪಡುವಂಥದ್ದೇನಿಲ್ಲ.

ಹಾಗಾದರೆ ವಿಕ್ಟೋರಿಯಾ ರಾಣಿಗೆ ಇದು ಬಂದದ್ದು ಎಲ್ಲಿಂದ? ಆಕೆಯ ಹಿಂದಿನ ತಲೆಮಾರುಗಳಲ್ಲಿ ಈ ಕಾಯಿಲೆಯ ಸುಳಿವಿಲ್ಲವೆಂಬ ಒಂದೇ ಕಾರಣಕ್ಕೆ ಆಕೆಯ ಹುಟ್ಟಿನ ಬಗ್ಗೆಯೇ ಇಲ್ಲಸಲ್ಲದ ಊಹೆಗಳನ್ನು ಹಬ್ಬಿಸಿದವರಿದ್ದಾರೆ. ಅದರ ಅಗತ್ಯವೇನೂ ಇಲ್ಲ. ಹಿಮೋಫಿಲಿಯಾ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರ ಮನೆತನದಲ್ಲಿ ಹಿಂದೆ ಯಾರಿಗೂ ಅದು ಇರುವುದಿಲ್ಲ. ವಂಶವಾಹಿಯಲ್ಲಿ ಹೊಸದಾಗಿ ದೋಷ ಹುಟ್ಟಿಕೊಂಡಿರುತ್ತದೆ, ಮತ್ತು ವಯಸ್ಸಾದ ತಂದೆಯ ವೀರ್ಯಾಣುಗಳಲ್ಲಿ ಇಂಥ ದೋಷಗಳು ಹೆಚ್ಚು. ರಾಣಿ ಹುಟ್ಟಿದಾಗ ಆಕೆಯ ತಂದೆಗೆ 51 ವರ್ಷ. ಅರಮನೆಯ ಕಾಯಿಲೆ ಎಂಬ ಹೆಸರೂ ಹೀಗೆಯೇ ಹುರುಳಿಲ್ಲದ್ದು. ಎಂಟನೆಯ ಫ್ಯಾಕ್ಟರಿನ ಕೊರತೆ, ಅಂದರೆ ಎ ಬಗೆ, ಹುಟ್ಟುವ ಸುಮಾರು ಐದು ಸಾವಿರ ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಒಂಬತ್ತನೆಯದರ ಕೊರತೆಯಾದ ಬಿ ಬಗೆ ಅದಕ್ಕಿಂತ ಬಹಳ ವಿರಳ. ಕೂಲಿಯ ಮನೆ, ದೊರೆಯ ಮನೆ ಎಂಬ ಭೇದ ಅದಕ್ಕಿಲ್ಲ.

ತಿಳಿದೂ ತಿಳಿದೂ ಐರೀನ್ ಮಕ್ಕಳನ್ನು ಪಡೆದದ್ದು ಹೇಗೆ ಎಂದು ಕೇಳಿದ್ದೀರಿ. ತಾಯಿಯಿಂದ ಗಂಡುಮಕ್ಕಳಿಗೆ ಇದು ಸಾಗುತ್ತದೆಂಬುದನ್ನು ಅಮೆರಿಕದ ವೈದ್ಯ ಜಾನ್ ಕಾನ್‌ರಾಡ್ ಆಟೊ 1803ರಲ್ಲೇ ಬರೆದಿದ್ದ. ಜರ್ಮನಿಯ ವೈದ್ಯರಿಗೂ ಅದು ಗೊತ್ತಿತ್ತು. ಆದರೆ ಒಬ್ಬ ನಿರ್ದಿಷ್ಟ ಹುಡುಗಿ ವಾಹಕಿಯೇ ಅಲ್ಲವೇ ಎಂದು ಹೇಳುವ ದಾರಿ ಆಗ ಯಾರ ಬಳಿಯೂ ಇರಲಿಲ್ಲ. ಮಗ ಹುಟ್ಟಿ, ಅವನು ತೆವಳಲು ಕಲಿತು, ಮೈಮೇಲೆ ನೀಲಿ ಬಾವು ಕಾಣಿಸಿಕೊಂಡ ಮೇಲಷ್ಟೇ ತಾಯಿಗೆ ತನ್ನ ವಿಷಯ ತಿಳಿಯುತ್ತಿತ್ತು. ಅದರ ಮೇಲೆ ವಂಶಕ್ಕೊಬ್ಬ ಗಂಡು ಬೇಕೆಂಬ ಒತ್ತಡ, ಬಾಯಿ ಬಿಡದಿರುವ ರೂಢಿ. ರಷ್ಯದಲ್ಲಂತೂ ಅಲೆಕ್ಸಿಯ ಕಾಯಿಲೆಯನ್ನು ಪ್ರಜೆಗಳಿಂದ ವರ್ಷಗಟ್ಟಲೆ ಮುಚ್ಚಿಟ್ಟರು. ನಿಮ್ಮ ಅಜ್ಜಿಯ ಮಾತು ಕೇಳಿದಾಗ ನನಗೆ ನೆನಪಾದದ್ದು ಇದೇ. ಅವರನ್ನು ದೂರುತ್ತಿಲ್ಲ, ಹೇಳಿದರೆ ಹೆಣ್ಣಿಗೆ ಗಂಡು ಸಿಗುವುದಿಲ್ಲವೆಂಬ ಅಂಜಿಕೆ ಅವರದು. ಆದರೆ ಐರೀನ್‌ಗೆ ಇಲ್ಲದಿದ್ದ ಪರೀಕ್ಷೆ ನಿಮಗೆ ಇದೆ. ಅದಿರುವಾಗ ಬಾಯಿ ಮುಚ್ಚಿಕೊಂಡಿರುವುದರಲ್ಲಿ ಲಾಭವಿಲ್ಲ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಬಿಡಬೇಕು. ಸೂಜಿ ಚುಚ್ಚಿದರೆ ಸತ್ತೇ ಹೋಗುತ್ತಾರೆಂಬುದು ನಿಜವಲ್ಲ. ಗೀರುಗಾಯದ ರಕ್ತ ಸಾಮಾನ್ಯವಾಗಿ ನಿಲ್ಲುತ್ತದೆ. ನಿಜವಾದ ಅಪಾಯ ಒಳಗಿನ ರಕ್ತಸ್ರಾವದ್ದು. ಮಂಡಿ, ಮೊಣಕೈ, ಕಣಕಾಲಿನ ಕೀಲುಗಳಲ್ಲಿ ಮತ್ತೆ ಮತ್ತೆ ರಕ್ತ ತುಂಬಿ ಅವು ಸವೆದುಹೋಗುತ್ತವೆ. ತಲೆಯೊಳಗೆ ಆದರೆ ಜೀವಕ್ಕೇ ಸಂಚಕಾರ. ಐರೀನ್‌ಳ ಮಕ್ಕಳಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಒಂದೇ ತಾಯಿಯಿಂದ ಒಂದೇ ದೋಷ ಪಡೆದ ಇಬ್ಬರಲ್ಲಿ ಒಬ್ಬ ನಾಲ್ಕು ವರ್ಷಕ್ಕೆ ಹೋದ, ಇನ್ನೊಬ್ಬ 56 ವರ್ಷ ಬದುಕಿದ. ವಾಲ್ಡೆಮಾರ್ ಮದುವೆಯಾದ, ಎರಡು ಮಹಾಯುದ್ಧಗಳನ್ನು ಕಂಡ. ಎರಡನೆಯದರ ಕೊನೆಗೆ ರಷ್ಯದ ಸೇನೆಗೆ ಹೆದರಿ ಬವೇರಿಯದ ಟುಟ್ಸಿಂಗ್‌ಗೆ ಬಂದು ಸೇರಿದ್ದಾಗ, ಅಲ್ಲಿದ್ದ ವೈದ್ಯಕೀಯ ಸಾಮಗ್ರಿಯೆಲ್ಲ ನಾಜಿ ಸೆರೆಶಿಬಿರದಿಂದ ಬಿಡುಗಡೆಯಾದವರ ಚಿಕಿತ್ಸೆಗೆ ಹೋಗಿ, ರಕ್ತ ಸಿಗದೆ 1945ರ ಮೇ 2ರಂದು ತೀರಿಕೊಂಡ. ಅವನಿಗೆ ಮಕ್ಕಳಿರಲಿಲ್ಲ. ಸಿಗಿಸ್ಮುಂಡ್‌ಗೆ ದೋಷವೇ ಬಂದಿರಲಿಲ್ಲವಾದ್ದರಿಂದ ಐರೀನ್‌ಳ ಕವಲಿನಲ್ಲಿ ಈ ಕಾಯಿಲೆ ವಾಲ್ಡೆಮಾರ್‌ನೊಂದಿಗೆ ಮುಗಿಯಿತು. ಅವಳು ಮಾತ್ರ ಹೆಮೆಲ್‌ಮಾರ್ಕ್‌ನ ತೋಟದ ಮನೆಯಲ್ಲಿ 1953ರ ನವೆಂಬರ್‌ವರೆಗೆ, 87 ವರ್ಷ ಬದುಕಿದ್ದಳು. ಒಂಬತ್ತನೆಯ ಫ್ಯಾಕ್ಟರಿನ ಕೊರತೆಯೇ ಬೇರೊಂದು ಬಗೆಯೆಂದು ವೈದ್ಯರು ಗುರುತಿಸಿದ್ದು ಅವಳ ಸಾವಿಗೆ ಒಂದೇ ವರ್ಷ ಮೊದಲು. ಅವಳ ಮಕ್ಕಳದು ಅದೇ ಬಗೆಯೆಂಬುದು ಇನ್ನೂ ತಡವಾಗಿ, 2009ರಲ್ಲಿ, ರಷ್ಯದಲ್ಲಿ ಸಿಕ್ಕ ಅಲೆಕ್ಸಾಂಡ್ರಾ ಮತ್ತು ಅಲೆಕ್ಸಿಯ ಮೂಳೆಗಳ ಡಿಎನ್ಎ ಪರೀಕ್ಷೆಯಿಂದ ತಿಳಿಯಿತು. ಈ ಮಾತನ್ನು ನೆನಪಿಡಿ, ನಿಮ್ಮ ಪರೀಕ್ಷೆಗೂ ಇದು ಬೇಕಾಗುತ್ತದೆ.

ಈಗ ನಿಮ್ಮ ಲೆಕ್ಕ. ತಮ್ಮನಿಗೂ ಮಗನಿಗೂ ಕಾಯಿಲೆಯಿದ್ದುದರಿಂದ ನಿಮ್ಮ ಅಜ್ಜಿ ವಾಹಕಿ ಎಂಬುದು ಖಚಿತ. ನಿಮ್ಮ ತಾಯಿಗೆ ಆ ದೋಷ ಬಂದಿರುವ ಸಾಧ್ಯತೆ ಎರಡರಲ್ಲಿ ಒಂದಾಗಿತ್ತು. ಅವರ ಒಬ್ಬ ಮಗ ಆರೋಗ್ಯವಾಗಿರುವುದರಿಂದ ಅದು ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ನೀವು ವಾಹಕಿಯಾಗಿರುವ ಸಾಧ್ಯತೆ ಅದರ ಅರ್ಧ, ಆರರಲ್ಲಿ ಒಂದು. ಮದುವೆಯ ಹೊತ್ತಿಗೆ ಐರೀನ್‌ಗೆ ಇದ್ದದ್ದು ಎರಡರಲ್ಲಿ ಒಂದು. ನಿಮ್ಮದು ಅದಕ್ಕಿಂತ ಬಹಳ ಕಡಿಮೆ, ಆದರೆ ಕಡೆಗಣಿಸುವಷ್ಟಲ್ಲ. ನೀವು ವಾಹಕಿಯೇ ಆಗಿದ್ದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಗಂಡುಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅತ್ತೆಯ ಮಗನನ್ನು ಮದುವೆಯಾದರೂ, ದೂರದೂರಿನ ವರನನ್ನು ಮದುವೆಯಾದರೂ ಈ ಅಂಕಿ ಬದಲಾಗದು.

ಸಂಬಂಧದೊಳಗಿನ ಮದುವೆ ಹಿಮೋಫಿಲಿಯಾಕ್ಕೆ ತಟ್ಟುವ ಸಂದರ್ಭ ಒಂದಿದೆ, ಅದು ನಮ್ಮ ನಾಡಿನಲ್ಲೇ ಹೆಚ್ಚು ಸಂಭವ: ಕಾಯಿಲೆಯಿರುವ ಸೋದರಮಾವನಿಗೇ ಅಕ್ಕನ ಮಗಳನ್ನು ಕೊಡುವುದು. ಹುಡುಗಿ ವಾಹಕಿಯಾಗಿದ್ದರೆ ಆಗ ಹೆಣ್ಣುಮಕ್ಕಳಿಗೂ ಪೂರ್ಣ ಕಾಯಿಲೆ ಬರಬಹುದು. ನಿಮ್ಮದು ಆ ಸಂದರ್ಭವಲ್ಲ. ಇನ್ನು ಸೋದರಿಕೆಗೆ ತನ್ನದೇ ಆದ ಬೇರೊಂದು ಅಪಾಯವಿದೆ. ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು, ಹುಟ್ಟುಕಿವುಡಿನ ಕೆಲವು ಬಗೆಗಳು, ಚಯಾಪಚಯದ ಕೆಲವು ತೊಂದರೆಗಳು, ಇಂಥ ಮದುವೆಗಳಲ್ಲಿ ಹೆಚ್ಚು. ಸಾಮಾನ್ಯ ದಂಪತಿಗಳಲ್ಲಿ ನೂರಕ್ಕೆ ಎರಡು ಮೂರರಷ್ಟಿರುವ ಹುಟ್ಟುದೋಷದ ಸಾಧ್ಯತೆ ಇಲ್ಲಿ ಸುಮಾರು ಇಮ್ಮಡಿ. ಹಿಂದಿನ ತಲೆಮಾರುಗಳಲ್ಲೂ ಒಳಗೊಳಗೇ ಮದುವೆಗಳಾಗಿದ್ದರೆ ಇನ್ನೂ ಹೆಚ್ಚು. ಈ ಮದುವೆ ಬೇಕೇ ಎಂದು ಯೋಚಿಸುವುದಾದರೆ ಇದನ್ನು ಮುಂದಿಟ್ಟುಕೊಂಡು ಯೋಚಿಸಿ. ಹಿಮೋಫಿಲಿಯಾದ ಹೆಸರಿನಲ್ಲಿ ಹುಡುಗನನ್ನು ತಿರಸ್ಕರಿಸುವುದು ಅವನಿಗೆ ಅನ್ಯಾಯ.

"ಗಂಡಸರ ಕಾಯಿಲೆ" ಎಂಬುದೂ ಅರ್ಧಸತ್ಯ. ವಾಹಕಿಯರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಫ್ಯಾಕ್ಟರಿನ ಮಟ್ಟ ಅವರಲ್ಲೂ ಕಡಿಮೆಯಿರುತ್ತದೆ. ಮುಟ್ಟಿನಲ್ಲಿ ವಿಪರೀತ ಸ್ರಾವ, ಹಲ್ಲು ಕಿತ್ತಾಗ ರಕ್ತ ನಿಲ್ಲದಿರುವುದು, ಹೆರಿಗೆಯ ಅನಂತರದ ರಕ್ತಸ್ರಾವ ಇವುಗಳಿಗೆ ಅದು ಕಾರಣವಾಗಬಹುದು. ನಿಮಗೆ ಮುಟ್ಟಿನ ತೊಂದರೆಯಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಆದರೆ ಫ್ಯಾಕ್ಟರ್ ಮಟ್ಟ ಸರಿಯಿದೆ ಎಂದ ಮಾತ್ರಕ್ಕೆ ವಾಹಕಿಯಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದನ್ನು ತೀರ್ಮಾನಿಸುವುದು ವಂಶವಾಹಿ ಪರೀಕ್ಷೆ ಮಾತ್ರ.

ವಾಹಕಿಯೆಂದು ತಿಳಿದರೆ ಮುಂದೇನು? ದಾರಿಗಳು ಹಲವಿವೆ, ಯಾವುದೂ ತೊಡಕಿಲ್ಲದ್ದಲ್ಲ. ಬಸಿರಿನ 11ರಿಂದ 14ನೇ ವಾರದೊಳಗೆ ಮಾಸುವಿನ ಚೂರನ್ನು ತೆಗೆದು, ಇಲ್ಲವೆ 15ನೇ ವಾರದ ಅನಂತರ ಗರ್ಭದ ನೀರನ್ನು ತೆಗೆದು ಪರೀಕ್ಷಿಸಬಹುದು. ಪರೀಕ್ಷೆಯಿಂದಲೇ ಗರ್ಭಪಾತವಾಗುವ ಸಾಧ್ಯತೆ ನೂರಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯೇ, ಲಿಂಗಸಂಬಂಧಿ ಆನುವಂಶಿಕ ಕಾಯಿಲೆಗಳ ಪತ್ತೆಗಾಗಿ ನೋಂದಾಯಿತ ಕೇಂದ್ರಗಳಲ್ಲಿ ಇಂಥ ಪರೀಕ್ಷೆಗೆ ಅವಕಾಶ ಕೊಟ್ಟಿದೆ. ಫಲಿತಾಂಶ ಬಂದ ಮೇಲೆ ಬಸಿರನ್ನು ಮುಂದುವರಿಸುವುದೋ ಬಿಡುವುದೋ ಎಂಬುದು ಕಾನೂನಿನ ಮಿತಿಯೊಳಗೆ ನಿಮ್ಮಿಬ್ಬರ ತೀರ್ಮಾನ. ಪ್ರನಾಳ ಶಿಶು ವಿಧಾನದಲ್ಲಿ ಭ್ರೂಣವನ್ನು ಪರೀಕ್ಷಿಸಿ ಗರ್ಭದಲ್ಲಿಡುವ ದಾರಿಯೂ ಇದೆ. ಖರ್ಚು ಲಕ್ಷಗಳಲ್ಲಿ, ಪ್ರತಿ ಪ್ರಯತ್ನವೂ ಫಲಿಸುವುದಿಲ್ಲ. ಏನನ್ನೂ ಪರೀಕ್ಷಿಸದೆ, ಸಿದ್ಧತೆಯೊಂದಿಗೆ ಹೆರುವುದನ್ನು ಆಯ್ದುಕೊಳ್ಳುವವರೂ ಇದ್ದಾರೆ, ಅವರನ್ನು ನಾನು ತಡೆಯುವುದಿಲ್ಲ. ಆಗ ಹೆರಿಗೆಯಲ್ಲಿ ವ್ಯಾಕ್ಯೂಮ್ ಮತ್ತು ಇಕ್ಕಳ ಬಳಸಬಾರದು, ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷೆಗೆ ಕಳುಹಿಸಬೇಕು, ಫಲಿತಾಂಶ ಬರುವವರೆಗೆ ಮಗುವಿನ ಮಾಂಸಖಂಡಕ್ಕೆ ಚುಚ್ಚುಮದ್ದು ಕೊಡುವಲ್ಲಿ ಎಚ್ಚರ ವಹಿಸಬೇಕು. ಮಗುವಿಗೆ ಕಾಯಿಲೆಯಿದ್ದರೂ, ಕೊರತೆಯಿರುವ ಫ್ಯಾಕ್ಟರನ್ನು ನಿಯಮಿತವಾಗಿ ಕೊಡುತ್ತಾ ಹೋದರೆ ಅವನು ಶಾಲೆಗೆ ಹೋಗಿ ದುಡಿಯುವ ಬದುಕನ್ನು ಬಾಳಬಲ್ಲ. ನಮ್ಮ ರಾಜ್ಯದ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ, ದಾಸ್ತಾನು ಮಾತ್ರ ಎಲ್ಲ ಕಾಲಕ್ಕೂ ಒಂದೇ ತೆರನಾಗಿ ಇರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಹಿಮೋಫಿಲಿಯಾ ಸೇರಿದೆ.

ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು ಎಂಬುದೇ ನಿಮ್ಮ ವಿಷಯದಲ್ಲಿ ಮುಖ್ಯ. ಸಾಮಾನ್ಯವಾಗಿ ಕಾಯಿಲೆಯಿರುವ ಗಂಡಸಿನ ರಕ್ತದಲ್ಲಿ ದೋಷ ಯಾವುದೆಂದು ಮೊದಲು ಹುಡುಕುತ್ತೇವೆ, ಅನಂತರ ಅದೇ ದೋಷ ಹೆಣ್ಣುಮಕ್ಕಳಲ್ಲಿದೆಯೇ ನೋಡುತ್ತೇವೆ. ನಿಮ್ಮ ಮನೆಯಲ್ಲಿ ಆ ಇಬ್ಬರೂ ಇಲ್ಲ. ಆದರೆ ಖಚಿತವಾಗಿ ವಾಹಕಿಯಾದ ಅಜ್ಜಿ ಇದ್ದಾರೆ. ರಷ್ಯದಲ್ಲಿ ತಾಯಿಯ ಮೂಳೆಯೂ ಮಗನ ಮೂಳೆಯೂ ಒಂದೇ ದೋಷವನ್ನು ತೋರಿಸಿದ ಹಾಗೆ, ನಿಮ್ಮ ಮಾವನ ಕಾಯಿಲೆ ಎ ಬಗೆಯದೋ ಬಿ ಬಗೆಯದೋ, ದೋಷ ಎಲ್ಲಿದೆ ಎಂಬುದನ್ನು ಅಜ್ಜಿಯ ರಕ್ತದ ಒಂದು ಮಾದರಿ ಹೇಳಬಲ್ಲದು. ಮಾವನ ಹಳೆಯ ಆಸ್ಪತ್ರೆ ಚೀಟಿಗಳು ಪೆಟ್ಟಿಗೆಯಲ್ಲೆಲ್ಲೋ ಉಳಿದಿದ್ದರೆ ಹುಡುಕಿ ತನ್ನಿ, ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಮೊದಲು ಅಜ್ಜಿ, ಆಮೇಲೆ ನಿಮ್ಮ ತಾಯಿ. ತಾಯಿಯಲ್ಲಿ ಆ ದೋಷ ಇಲ್ಲವೆಂದಾದರೆ ನಿಮಗೂ ತಂಗಿಗೂ ಪರೀಕ್ಷೆಯೇ ಬೇಡ. ಇದೆಯೆಂದಾದರೆ ನಿಮ್ಮಿಬ್ಬರ ಮಾದರಿಗಳನ್ನೂ ಒಟ್ಟಿಗೇ ಕಳುಹಿಸಿ. ಫಲಿತಾಂಶ ಬರಲು ಕೆಲವು ವಾರಗಳು ಹಿಡಿಯುವುದರಿಂದ ಲಗ್ನಪತ್ರಿಕೆ ಬರೆಸುವುದನ್ನು ಅಷ್ಟು ದಿನ ಮುಂದೂಡಿ. ಅತ್ತೆಯ ಮನೆಯವರಿಗೆ ವಿಷಯ ತಿಳಿಸುವಾಗ ಹುಡುಗನನ್ನೂ ಕರೆದುಕೊಂಡು ಆನುವಂಶಿಕ ಸಲಹೆಗಾರರ ಬಳಿಗೆ ಬನ್ನಿ; ಸೋದರಿಕೆಯ ಅಪಾಯದ ಮಾತನ್ನೂ ಅಂದೇ ಇಬ್ಬರ ಮುಂದೆ ಆಡಬಹುದು.